ತುರ್ತು: ಕೆಂಚಿಗೆ ಮಳೆಗಾಲಕ್ಕೆ ಮುನ್ನ ಒಂದು ಮನೆ ಬೇಕು: ಅಂಜುಬುರುಕ ನಾಯಿಯನ್ನು ಯಾರು ಇಟ್ಟುಕೊಳ್ಳಬಹುದು?

ಕಾವೂರು_ಗುಡ್ಡೆ (ಚರ್ಚೆ ಆರಂಭಿಸಿದವರು)

ಮಂಗಳೂರಿನ ಹೊರವಲಯದಲ್ಲಿ ನಾನು ವಾರಾಂತ್ಯಗಳಲ್ಲಿ ಕೆಲಸಕ್ಕೆ ಕೈಜೋಡಿಸುವ ಒಂದು ಸಣ್ಣ ಶೆಲ್ಟರ್ ಇದೆ. ಅಲ್ಲಿರುವ ಕೆಂಚಿ ಎಂಬ ಹೆಣ್ಣುನಾಯಿಗೆ ಮೇ ತಿಂಗಳು ಮುಗಿಯುವುದರೊಳಗೆ ಒಂದು ಮನೆ ಸಿಗಬೇಕಾಗಿದೆ. ಗುಡ್ಡೆಯ ಇಳಿಜಾರಿನಲ್ಲಿ ಕಟ್ಟಿದ ಶೆಲ್ಟರ್ ಆದ್ದರಿಂದ ಕೆಳಸಾಲಿನ ಗೂಡುಗಳಿಗೆ ಮಳೆಗಾಲದಲ್ಲಿ ಕೆಂಪುನೀರು ನುಗ್ಗುತ್ತದೆ. ಹೀಗಾಗಿ ಜೂನ್ ಮೊದಲ ವಾರದಲ್ಲಿ ಮಳೆ ಹಿಡಿಯುವ ಮೊದಲೇ ಆ ಸಾಲಿನ ನಾಯಿಗಳನ್ನೆಲ್ಲ ಮೇಲಿನ ತಗಡಿನ ಶೆಡ್ಡಿಗೆ ಸೇರಿಸುವುದು ವಾಡಿಕೆ. ಉಳಿದ ನಾಯಿಗಳು ಹೇಗೋ ಹೊಂದಿಕೊಳ್ಳುತ್ತವೆ. ಕೆಂಚಿಗೆ ಅದು ಆಗದ ಮಾತು ಎಂಬುದು ಗೂಡುಗಳ ದುರಸ್ತಿಗೆಂದು ಅವಳನ್ನು ಅಲ್ಲಿ ಬಿಟ್ಟಾಗಲೇ ಗೊತ್ತಾಯಿತು. ಬೇರೆ ನಾಯಿಗಳು ತಟ್ಟೆ ಖಾಲಿ ಮಾಡುವವರೆಗೂ ಅವಳು ಮೂಲೆ ಬಿಟ್ಟು ಏಳಲಿಲ್ಲ. ತಗಡಿನ ಮೇಲೆ ಬೇಸಗೆ ಮಳೆ ಬಿದ್ದ ರಾತ್ರಿ ಬಾಗಿಲಿನ ಸರಳು ಕಚ್ಚಿ ಒಸಡಿಗೆ ಗಾಯ ಮಾಡಿಕೊಂಡಳು. ತೂಕವೂ ಇಳಿದಿದೆ.

ವಯಸ್ಸು ಸುಮಾರು ಮೂರು ವರ್ಷ ಎಂದು ವೈದ್ಯರು ಹಲ್ಲು ನೋಡಿ ಹೇಳಿದ್ದಾರೆ. ನಮ್ಮ ಊರ ನಾಯಿಯೇ, ಕಂದು ಬಣ್ಣ, ಎದೆಯ ಮೇಲೆ ಸ್ವಲ್ಪ ಬಿಳಿ. ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ, ಕಿವಿಯ ತುದಿಯಲ್ಲಿ ಅದರ ಗುರುತೂ ಇದೆ, ರೇಬೀಸ್ ಮತ್ತು ಇತರ ಲಸಿಕೆಗಳು ಆಗಿವೆ. ಇದುವರೆಗೆ ಯಾರನ್ನೂ ಕಚ್ಚಿಲ್ಲ. ಯಾರಾದರೂ ಗೂಡಿನೊಳಗೆ ಬಂದರೆ ಮುಂಗಾಲು ಒಂದನ್ನು ಎತ್ತಿಕೊಂಡು ಗೋಡೆಗೆ ಮುಖ ಒತ್ತಿ ನಿಲ್ಲುತ್ತಾಳೆ; ಬಂದವರು ಹೊರಗೆ ಹೋಗಿ ಚಿಲಕ ಹಾಕಿದ ಸದ್ದು ಕೇಳಿದ ಮೇಲೆಯೇ ಅನ್ನಕ್ಕೆ ಬಾಯಿ ಹಾಕುತ್ತಾಳೆ. ಆದರೆ ಅವಳಿಗೆ ಬೆನ್ನು ಮಾಡಿ ನೆಲದ ಮೇಲೆ ಸುಮ್ಮನೆ ಕುಳಿತರೆ, ಬಹಳ ಹೊತ್ತಿನ ನಂತರ ಹಿಂದಿನಿಂದ ಬಂದು ಮೊಣಕೈ ಮೂಸಿ ಮತ್ತೆ ಮೂಲೆಗೆ ಹೋಗುತ್ತಾಳೆ. ಮನುಷ್ಯರ ಹತ್ತಿರ ಬರಬೇಕೆಂಬ ಆಸೆ ಅವಳಲ್ಲಿ ಉಳಿದಿದೆ ಎಂದು ನಾನು ನಂಬಿರುವುದು ಅದೊಂದರಿಂದಲೇ.

ಮೊದಲಿಗೆ ಮಳೆಗಾಲದ ಮಟ್ಟಿಗೆ ಫೋಸ್ಟರ್ ಆಗಿ, ಅಂದರೆ ತಾತ್ಕಾಲಿಕವಾಗಿ, ಇಟ್ಟುಕೊಳ್ಳುವವರು ಸಿಕ್ಕರೂ ಸಾಕು. ದತ್ತು ತೆಗೆದುಕೊಳ್ಳುವ ಮಾತನ್ನು ನಂತರ ಆಡಬಹುದು. ಮರುಕದ ಉದ್ಗಾರಗಳಿಗಿಂತ ನಿಮ್ಮ ಮನೆ ಹೇಗಿದೆ, ಹಗಲಿನಲ್ಲಿ ಯಾರಿರುತ್ತಾರೆ ಎಂಬುದನ್ನು ಬರೆದರೆ ಉಪಕಾರವಾಗುತ್ತದೆ.

ಪಡೀಲ್_ನಿವಾಸಿ

ಪ್ರಶ್ನೆ ಒರಟಾಗಿ ಕಂಡರೆ ಕ್ಷಮಿಸಿ. ಮನುಷ್ಯರನ್ನು ಕಂಡರೆ ಇಷ್ಟು ಹೆದರುವ ನಾಯಿಯನ್ನು ಮನುಷ್ಯರ ಮನೆಯೊಳಗೇ ಕೂಡಿಹಾಕುವುದು ಅದಕ್ಕೆ ಹಿಂಸೆಯಲ್ಲವೇ? ಬೀದಿಯಲ್ಲಿ ಹುಟ್ಟಿ ಬೆಳೆದ ಪ್ರಾಣಿಯನ್ನು ಹಿಡಿದ ಜಾಗಕ್ಕೇ ಬಿಟ್ಟರೆ ಅದರ ಪಾಡಿಗೆ ಅದು ಬದುಕಿಕೊಳ್ಳುತ್ತದೆ. ಇನ್ನೊಂದು ಸಂಶಯ: ಅಮೆರಿಕದ ಕೆಲವು ಶೆಲ್ಟರ್‌ಗಳವರು ಇಂಥ ದಿನದೊಳಗೆ ಯಾರೂ ಒಯ್ಯದಿದ್ದರೆ ನಾಯಿಯನ್ನು ಕೊಲ್ಲಲಾಗುವುದು ಎಂದು ಪ್ರಕಟಣೆ ಹಾಕುವುದನ್ನು ನೋಡಿದ್ದೇನೆ. ನಮ್ಮಲ್ಲಿ ‘ತುರ್ತು’ ಎಂದರೂ ಅದೇ ಅರ್ಥವೇ?

ನೇತ್ರಾವತಿ_ದಡ

ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಜಾಗ ಸಾಲದು ಎಂಬ ಕಾರಣಕ್ಕೆ ಆರೋಗ್ಯವಂತ ನಾಯಿಯನ್ನು ಕೊಲ್ಲುವುದಕ್ಕೆ ನಮ್ಮ ಕಾನೂನಿನಲ್ಲಿ ಅವಕಾಶವಿಲ್ಲ. 1960ರ ಪ್ರಾಣಿ ಹಿಂಸಾ ತಡೆ ಕಾಯ್ದೆಯ ಅಡಿಯಲ್ಲಿ ಬಂದಿರುವ 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ, ವಾಸಿಯಾಗದ ಕಾಯಿಲೆಯ ಅಥವಾ ಬದುಕುವ ಸಾಧ್ಯತೆಯಿಲ್ಲದಷ್ಟು ಗಾಯಗೊಂಡ ನಾಯಿಗೆ ಮಾತ್ರ ದಯಾಮರಣ, ಅದೂ ವೈದ್ಯರು ಪರೀಕ್ಷಿಸಿದ ಮೇಲೆ. ಆದ್ದರಿಂದ ಇಲ್ಲಿನ ತುರ್ತು ಬೇರೆ ಬಗೆಯದು. ಗೂಡು ಕಿಕ್ಕಿರಿಯುತ್ತದೆ, ಸೋಂಕು ಹರಡುತ್ತದೆ, ಅಂಜುವ ನಾಯಿ ತಿನ್ನುವುದನ್ನು ಬಿಡುತ್ತದೆ, ಒಂದು ದಿನ ಏಳುವುದಿಲ್ಲ. ಅದಕ್ಕೆ ಯಾರೂ ತಾರೀಖು ನಿಗದಿ ಮಾಡುವುದಿಲ್ಲವಾದ್ದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ.

ಮೊದಲ ಪ್ರಶ್ನೆ ನ್ಯಾಯವಾದದ್ದೇ. ಅದೇ ನಿಯಮಗಳು ಶಸ್ತ್ರಚಿಕಿತ್ಸೆ ಮತ್ತು ಲಸಿಕೆಯ ನಂತರ ನಾಯಿಯನ್ನು ಹಿಡಿದ ಜಾಗಕ್ಕೇ ಬಿಡಬೇಕೆಂದು ಹೇಳುತ್ತವೆ, ಮತ್ತು ಬೀದಿಯಲ್ಲಿ ನೆಮ್ಮದಿಯಾಗಿರುವ ನಾಯಿಗೆ ಅದೇ ಒಳ್ಳೆಯದು. ಕೆಂಚಿಯನ್ನು ಎಲ್ಲಿಂದ ತಂದದ್ದು ಎಂಬುದನ್ನು ಕಾವೂರಿನವರು ತಿಳಿಸಿದರೆ ಮುಂದೆ ಮಾತಾಡಬಹುದು.

ಕಾವೂರು_ಗುಡ್ಡೆ

ಒಂದು ಬಸ್ ನಿಲ್ದಾಣದ ಆವರಣದಿಂದ.

ನೇತ್ರಾವತಿ_ದಡ

ಹಾಗಾದರೆ ಆ ದಾರಿ ಮುಚ್ಚಿದೆ. ಶಾಲೆ ಕಾಲೇಜು, ಆಸ್ಪತ್ರೆ, ಕ್ರೀಡಾಂಗಣ, ಬಸ್ ನಿಲ್ದಾಣ ಮತ್ತು ರೈಲು ನಿಲ್ದಾಣಗಳ ಆವರಣದಿಂದ ಹಿಡಿದ ನಾಯಿಗಳನ್ನು ಸಂತಾನಹರಣ ಮತ್ತು ಲಸಿಕೆಯ ನಂತರವೂ ಅದೇ ಜಾಗಕ್ಕೆ ಬಿಡಬಾರದು, ಶೆಲ್ಟರ್‌ಗಳಲ್ಲಿ ಇರಿಸಬೇಕು ಎಂದು ಸುಪ್ರೀಂ ಕೋರ್ಟ್ 2025ರ ನವೆಂಬರ್ 7ರಂದು ಆದೇಶಿಸಿದೆ. ಆದೇಶದ ಒಳಿತು ಕೆಡುಕುಗಳ ಚರ್ಚೆ ಇಲ್ಲಿ ಬೇಡ. ಆದರೆ ಇಂಥ ನಾಯಿಗೆ ಇನ್ನು ಉಳಿದಿರುವುದು ಜೀವಮಾನವಿಡೀ ಶೆಲ್ಟರ್, ಇಲ್ಲವೇ ಒಂದು ಮನೆ.

ಕಾರ್ಕಳದ_ತೋಟ

ನಮ್ಮದು ಕಾರ್ಕಳದ ಹತ್ತಿರ ಅಡಿಕೆ ತೋಟ. ಅಂಗಳದಲ್ಲಿ ಸಿಮೆಂಟಿನ ನಾಯಿಗೂಡು ಇದೆ. ಹಗಲು ಗೂಡಿನಲ್ಲಿ ಹಾಕಿ ರಾತ್ರಿ ಬಿಡುತ್ತೇವೆ. ಹಿಂದಿನ ನಾಯಿ ಹನ್ನೆರಡು ವರ್ಷ ಬಾಳಿತು. ಊಟಕ್ಕೆ ಕೊರತೆಯಾಗದು. ನಾಳೆಯೇ ಜೀಪು ತಂದು ಒಯ್ಯಲು ಸಿದ್ಧನಿದ್ದೇನೆ. ತೋಟಕ್ಕೆ ಒಂದು ಕಾವಲು ಬೇಕಾಗಿತ್ತು.

ಮಲ್ಪೆ_ಕಡಲಬದಿ

ತೋಟದ ಅಣ್ಣನವರು ಬೇಸರಿಸಬಾರದು. ನಮ್ಮ ಕರಾವಳಿಯ ಮನೆಗಳಲ್ಲಿ ನಾಯಿ ಎಂದರೆ ಗೂಡು, ಗೂಡು ಎಂದರೆ ಕಾವಲು ಎಂಬುದು ಹಿಂದಿನಿಂದ ನಡೆದುಬಂದ ಪದ್ಧತಿ. ನಿಮ್ಮ ಹಿಂದಿನ ನಾಯಿ ಹನ್ನೆರಡು ವರ್ಷ ಬಾಳಿದ್ದು ನೀವು ಅದನ್ನು ಚೆನ್ನಾಗಿ ನೋಡಿಕೊಂಡಿದ್ದಿರಿ ಎಂಬುದಕ್ಕೆ ಸಾಕ್ಷಿ. ಆದರೆ ಆ ನಾಯಿ ಮರಿಯಿಂದಲೇ ನಿಮ್ಮ ಅಂಗಳದಲ್ಲಿ ಬೆಳೆದದ್ದು, ತೋಟವೆಲ್ಲ ಅದರದ್ದಾಗಿತ್ತು. ಕೆಂಚಿಯನ್ನು ಒಯ್ದ ರಾತ್ರಿಯೇ ಬಿಟ್ಟರೆ ಅವಳು ತೋಟ ಕಾಯುವುದಿಲ್ಲ, ತೋಟ ದಾಟಿ ಓಡುತ್ತಾಳೆ. ಕಾರ್ಕಳದ ಕಡೆ ಅಂಗಳದ ನಾಯಿಯನ್ನು ಚಿರತೆ ಎತ್ತಿಕೊಂಡು ಹೋಗುವುದು ಹೊಸ ಸುದ್ದಿಯಲ್ಲ. ದಾರಿ ತಿಳಿಯದೆ ಕಾಡಂಚಿನಲ್ಲಿ ಅಡಗಿದ ನಾಯಿ ಎಷ್ಟು ದಿನ ಉಳಿದೀತು? ಓಡಿಹೋಗಬಾರದೆಂದು ಕಟ್ಟಿಹಾಕಿದರೆ ಇನ್ನೊಂದು ತೊಂದರೆ. ಹೆದರಿದ ಪ್ರಾಣಿಗೆ ದೂರ ಸರಿಯುವುದೊಂದೇ ಉಪಾಯ. ಚೈನು ಅದನ್ನು ಕಸಿದುಕೊಂಡ ಮೇಲೆ ಅದಕ್ಕೆ ಉಳಿಯುವುದು ಕಚ್ಚುವುದು ಮಾತ್ರ. ಸಾಧುವಾಗಿದ್ದ ನಾಯಿ ತೋಟಕ್ಕೆ ಬಂದ ಮೇಲೆ ಜೋರಾಯಿತು ಎಂದು ಕೆಲವರು ಹೆಮ್ಮೆಯಿಂದ ಹೇಳುವುದನ್ನು ಕೇಳಿದ್ದೇನೆ. ನನಗಂತೂ ಅದು ಹೆಮ್ಮೆಪಡುವ ಸಂಗತಿ ಎನ್ನಿಸಿಲ್ಲ.

ಅಂದಹಾಗೆ, ನಾಯಿಯನ್ನು ಅತಿಯಾಗಿ ಗಿಡ್ಡ ಅಥವಾ ಭಾರವಾದ ಚೈನಿನಲ್ಲಿ ಅಕಾರಣವಾಗಿ ಹೆಚ್ಚು ಹೊತ್ತು ಕಟ್ಟಿಡುವುದು, ಸದಾ ಕಟ್ಟಿಟ್ಟ ನಾಯಿಗೆ ಓಡಾಟವನ್ನೇ ಕೊಡದಿರುವುದು, ಎರಡೂ 1960ರ ಕಾಯ್ದೆಯ 11ನೇ ಕಲಮಿನ ಪ್ರಕಾರ ಹಿಂಸೆಯೇ. ನಿಮಗೆ ಹೇಳುತ್ತಿಲ್ಲ, ಓದುವ ಎಲ್ಲರಿಗೂ ಹೇಳುತ್ತಿದ್ದೇನೆ.

ಕಾರ್ಕಳದ_ತೋಟ

ಬೇಸರವಿಲ್ಲ ಅಕ್ಕ. ಅದೇ ಶೆಲ್ಟರ್‌ನಲ್ಲಿ ಜನರಿಗೆ ಅಂಜದ, ಗದ್ದಲಕ್ಕೆ ಒಗ್ಗಿದ ನಾಯಿ ಇದ್ದರೆ ತಿಳಿಸಿ. ಹಗಲು ಗೂಡಿನ ಬದಲು ಬೇಲಿ ಹಾಕಿದ ಅಂಗಳ ಮಾಡಿಸಬಹುದು, ಹೇಗೂ ಕೋಳಿಗಳಿಗೆಂದು ಬಲೆ ತರಿಸುವುದಿದೆ.

ಮಣಿಪಾಲ_ಬಾಡಿಗೆಮನೆ

ನಾವು ಮೂವರು ವಿದ್ಯಾರ್ಥಿಗಳು ಮಣಿಪಾಲದಲ್ಲಿ ಒಂದು ಫ್ಲಾಟ್ ಬಾಡಿಗೆಗೆ ಹಿಡಿದಿದ್ದೇವೆ. ನಾಯಿಯೆಂದರೆ ಮೂವರಿಗೂ ಪ್ರಾಣ. ರಜೆಯಲ್ಲಿ ಊರಿಗೆ ಹೋಗುವಾಗ ಒಬ್ಬರಲ್ಲ ಒಬ್ಬರು ಉಳಿದುಕೊಳ್ಳುವಂತೆ ಹೊಂದಿಸಿಕೊಳ್ಳುತ್ತೇವೆ.

ಕಾವೂರು_ಗುಡ್ಡೆ

ನಿಮ್ಮ ಪ್ರೀತಿಯನ್ನು ಸಂಶಯಿಸುತ್ತಿಲ್ಲ. ಆದರೆ ಬಂದು ಹೋಗುವ ಗೆಳೆಯರು, ಪರೀಕ್ಷೆ, ರಜೆಗೊಮ್ಮೆ ಬದಲಾಗುವ ಮುಖ, ಇವೆಲ್ಲ ಕೆಂಚಿಗೆ ಹಿಡಿಸುವುದಿಲ್ಲ. ಮನೆಯ ಯಜಮಾನರ ಲಿಖಿತ ಒಪ್ಪಿಗೆಯೂ ಬೇಕಾಗುತ್ತದೆ. ಸಾಗಣೆಗೆ, ಔಷಧ ತಂದುಕೊಡುವುದಕ್ಕೆ ಉಡುಪಿ ಕಡೆ ಜನ ಬೇಕು. ಅದಕ್ಕೆ ನಿಮ್ಮನ್ನು ಖಂಡಿತ ಕರೆಯುತ್ತೇನೆ.

ಬಿಜೈ_ಐದನೇಮಹಡಿ

ನಮ್ಮದು ಐದನೇ ಮಹಡಿಯ ಫ್ಲಾಟು, ಆರು ಮತ್ತು ಒಂಬತ್ತು ವರ್ಷದ ಎರಡು ಮಕ್ಕಳು. ನನ್ನ ಯಜಮಾನರು ಮನೆಯಿಂದಲೇ ಕೆಲಸ ಮಾಡುವುದರಿಂದ ಹಗಲೂ ಮನೆ ಖಾಲಿ ಇರುವುದಿಲ್ಲ. ನಾಯಿ ಸಾಕುವಂತಿಲ್ಲ ಎಂದು ಅಸೋಸಿಯೇಷನ್‌ನವರು ಫಲಕ ಹಾಕಿದ್ದಾರೆ, ಅದು ಸರಿಯೇ? ಮಕ್ಕಳು ಒಳ್ಳೆಯವರು, ಪ್ರೀತಿ ಮಾಡಿ ಮಾಡಿಯೇ ಅದರ ಹೆದರಿಕೆ ಬಿಡಿಸುತ್ತಾರೆ ಎಂಬ ನಂಬಿಕೆ ನನಗಿದೆ.

ಪಶುವೈದ್ಯ_ಉಡುಪಿ

ಫಲಕದ ವಿಚಾರ ಸುಲಭ: ಸಾಕುನಾಯಿಯನ್ನು ಒಟ್ಟಾರೆ ನಿಷೇಧಿಸುವ ಅಧಿಕಾರ ನಿವಾಸಿಗಳ ಸಂಘಕ್ಕಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾರ್ಗಸೂಚಿಯೇ ಹೇಳುತ್ತದೆ. ಲಿಫ್ಟಿನಲ್ಲಿ ಹಗ್ಗ ಹಿಡಿದಿರಬೇಕು, ಗಲೀಜು ತೆಗೆಯಬೇಕು ಎಂದು ಅವರು ಕೇಳಬಹುದು, ಅದು ನ್ಯಾಯ.

ಆದರೆ ಮೇಡಂ, ನೀವು ಕೊನೆಯಲ್ಲಿ ಬರೆದ ಮಾತನ್ನೇ ನಾನು ಹಿಡಿದುಕೊಳ್ಳಬೇಕಾಗಿದೆ. ಅಂಜುವ ನಾಯಿಗೆ ಮೇಲೆ ಬಿದ್ದು ಬರುವ ಪ್ರೀತಿ ಪ್ರೀತಿಯಾಗಿ ಕಾಣುವುದಿಲ್ಲ. ಎದುರಿನಿಂದ ನಡೆದು ಬರುವುದು, ಕಣ್ಣಿಟ್ಟು ನೋಡುವುದು, ಬಗ್ಗಿ ತಲೆಯ ಮೇಲೆ ಕೈ ಚಾಚುವುದು, ಈ ಮೂರನ್ನೂ ಅದು ಹಲ್ಲೆ ಎಂದೇ ಓದುತ್ತದೆ, ಮಕ್ಕಳು ಮಾಡುವುದು ಬಹುತೇಕ ಈ ಮೂರನ್ನೇ. ಮರಿಯ ಮೂರನೆಯ ವಾರದಿಂದ ಹನ್ನೆರಡು ಹದಿನಾಲ್ಕನೆಯ ವಾರದವರೆಗಿನ ಅವಧಿಯಲ್ಲಿ ಯಾವುದನ್ನು ನೆಮ್ಮದಿಯಿಂದ ಕಂಡಿತೋ ಅದನ್ನು ಅದು ಜೀವನಪೂರ್ತಿ ಸಹಜವೆಂದು ಒಪ್ಪುತ್ತದೆ. ಆ ಅವಧಿಯಲ್ಲಿ ಮನುಷ್ಯರ ಕೈ ಕಾಣದ ನಾಯಿ ಮುಂದೆ ಕಲಿಯಲಾರದು ಎಂದಲ್ಲ. ನಿಧಾನವಾಗಿ, ತನ್ನದೇ ಆಯ್ಕೆಯಿಂದ ಮಾತ್ರ ಕಲಿಯುತ್ತದೆ. ಲಿಫ್ಟಿನ ಇಕ್ಕಟ್ಟಿನಲ್ಲಿ ಆ ಆಯ್ಕೆ ಇರುವುದಿಲ್ಲ, ಮೂತ್ರಕ್ಕೆ ಹೋಗಬೇಕಾದಾಗಲೆಲ್ಲ ಐದು ಮಹಡಿ ಇಳಿಯಬೇಕು.

ಇನ್ನೊಂದು ವಿಷಯವನ್ನು ಎಲ್ಲರೂ ಗಮನಿಸಬೇಕು. ಶೆಲ್ಟರ್‌ನಲ್ಲಿ ಎತ್ತಿದರೂ ಮುಟ್ಟಿದರೂ ಸುಮ್ಮನಿರುವ ನಾಯಿಯನ್ನು ನೋಡಿ ಸಾಧು ಎನ್ನುವವರಿದ್ದಾರೆ. ಬಾಲ ಹೊಟ್ಟೆಗೆ ಅಂಟಿದ್ದು, ಕಣ್ಣಿನ ಬಿಳಿ ಕಾಣುತ್ತಿದ್ದು, ನಿದ್ದೆಯಿಲ್ಲದೆಯೂ ಆಕಳಿಸುತ್ತಾ ತುಟಿ ನೆಕ್ಕಿಕೊಳ್ಳುತ್ತಿದ್ದರೆ ಅದು ಭಯದಿಂದ ಮರಗಟ್ಟಿ ನಿಂತಿದೆ ಎಂದು ತಿಳಿಯಬೇಕು. ಇಂಥ ನಾಯಿ ಮನೆಗೆ ಬಂದು ಕೆಲವು ವಾರಗಳಾದ ಮೇಲೆ ಮೊದಲ ಬಾರಿಗೆ ಗುರ್ ಎನ್ನಬಹುದು. ಮನೆಯವರು ಗಾಬರಿಯಾಗಿ ಬೈಯುತ್ತಾರೆ. ಬೈಯಬಾರದು, ತನಗೆ ಬೇಡವಾದದ್ದನ್ನು ಹೇಳುವ ಧೈರ್ಯ ಅದಕ್ಕೆ ಬಂದಿದೆ, ಹಿಂದೆ ಸರಿದು ಜಾಗ ಕೊಡಬೇಕು. ಗುರುಗುಟ್ಟುವುದನ್ನು ಹೊಡೆದು ಬಿಡಿಸಿದರೆ ಮುಂದಿನ ಸಲ ಅದು ಎಚ್ಚರಿಕೆ ಕೊಡದೆ ಕಚ್ಚುತ್ತದೆ.

ಆರೋಗ್ಯದ ಬಗ್ಗೆ: ನಮ್ಮ ಮಳೆಗಾಲದಲ್ಲಿ ಇಲಿಜ್ವರ ಸಾಮಾನ್ಯ, ನಾಯಿಯ ಮೂತ್ರದಿಂದ ಮನುಷ್ಯರಿಗೂ ತಗಲುತ್ತದೆ, ಆದ್ದರಿಂದ ವರ್ಷದ ಲಸಿಕೆಯಲ್ಲಿ ಅದೂ ಸೇರಿದೆಯೇ ಎಂದು ಕಾರ್ಡು ನೋಡಿ. ಉಣ್ಣಿ ಇದ್ದರೆ ಬಂದ ದಿನವೇ ಹಿಡಿದು ಸ್ನಾನ ಮಾಡಿಸಬೇಡಿ. ತಿನ್ನುವುದರೊಳಗೆ ಇಟ್ಟು ಕೊಡಬಹುದಾದ ಮಾತ್ರೆಗಳಿವೆ, ತೂಕ ನೋಡಿ ಬರೆದುಕೊಡುತ್ತೇನೆ. ಫೋಸ್ಟರ್ ಆಗುವವರು ಮುಂಜಾಗ್ರತೆಗೆ ರೇಬೀಸ್ ಚುಚ್ಚುಮದ್ದನ್ನು 0, 7 ಮತ್ತು 21 ಅಥವಾ 28ನೇ ದಿನ ತೆಗೆದುಕೊಂಡಿದ್ದರೆ ಉತ್ತಮ. ಹಲ್ಲು ತಾಗಿ ಗಾಯವಾದರೆ, ಲಸಿಕೆ ಆದ ನಾಯಿಯೇ ಆಗಿದ್ದರೂ, ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆದು ವೈದ್ಯರಿಗೆ ತೋರಿಸಲೇಬೇಕು. ಅರಿಶಿನ, ಸುಣ್ಣ, ಕಾಫಿಪುಡಿ ಹಚ್ಚಿಕೊಂಡು ಬರುವವರನ್ನು ಈಗಲೂ ನೋಡುತ್ತಿದ್ದೇನೆ.

ಬಿಜೈ_ಐದನೇಮಹಡಿ

ವಿವರವಾಗಿ ಬರೆದದ್ದಕ್ಕೆ ಧನ್ಯವಾದ. ಮಕ್ಕಳಿಗೆ ಓದಿ ಹೇಳಿದೆ. ನಾವು ಹಿಂದೆ ಸರಿಯುತ್ತೇವೆ. ಔಷಧದ ಖರ್ಚಿನಲ್ಲಿ ನಮ್ಮದೂ ಒಂದು ಪಾಲಿರಲಿ.

ಅಂಬಲಪಾಡಿ_ಹಳೆಮನೆ

ಇಷ್ಟು ದಿನ ಓದುತ್ತಾ ಇದ್ದೆವು, ಈಗ ಬರೆಯುತ್ತಿದ್ದೇವೆ. ನಾವಿಬ್ಬರೂ ನಿವೃತ್ತರು. ಉಡುಪಿಯ ಅಂಬಲಪಾಡಿಯಲ್ಲಿ ಹಂಚಿನ ಮನೆ, ಸುತ್ತ ಕೆಂಪುಕಲ್ಲಿನ ಕಂಪೌಂಡು, ಹಿಂಬದಿಯಲ್ಲಿ ಕಟ್ಟಿಗೆ ಇಡುತ್ತಿದ್ದ ಒಂದು ಕೋಣೆ ಖಾಲಿ ಇದೆ. ಮನೆಯಲ್ಲಿ ವಯಸ್ಸಾದ ಗಂಡುನಾಯಿಯೊಂದಿದೆ, ಹೆಸರು ಬೊಳ್ಳು. ತಿನ್ನುವುದು ಮಲಗುವುದು ಬಿಟ್ಟರೆ ಅದಕ್ಕೆ ಬೇರೆ ವ್ಯವಹಾರವಿಲ್ಲ. ಬಂದು ಹೋಗುವವರು ಕಡಿಮೆ. ನಮ್ಮ ಅಳುಕು ಇಷ್ಟು: ನನ್ನ ಯಜಮಾನರದ್ದು ದೊಡ್ಡ ಗಂಟಲು. ಮಳೆಗಾಲ ಮುಗಿದ ಮೇಲೆ ಯಾರೂ ಮುಂದೆ ಬಾರದಿದ್ದರೆ ಈ ವಯಸ್ಸಿನಲ್ಲಿ ನಾವು ಅವಳನ್ನು ಹತ್ತು ವರ್ಷ ನೋಡಿಕೊಳ್ಳುತ್ತೇವೆಂದು ಹೇಗೆ ಮಾತು ಕೊಡುವುದು? ಅಲ್ಲದೆ ಇಂಥ ನಾಯಿಯನ್ನು ಮೊದಲ ದಿನ ಹೇಗೆ ಒಳಗೆ ತರುವುದು ಎಂಬುದೇ ನಮಗೆ ತಿಳಿಯದು.

ಮಲ್ಪೆ_ಕಡಲಬದಿ

ದೊಡ್ಡ ಗಂಟಲಿಗೆ ನಾಯಿ ಒಗ್ಗುತ್ತದೆ, ದಿಢೀರನೆ ಬದಲಾಗುವ ಗಂಟಲಿಗೆ ಒಗ್ಗುವುದಿಲ್ಲ. ಯಜಮಾನರು ದಿನವೂ ಒಂದೇ ರೀತಿ ಮಾತಾಡಿಕೊಂಡಿರಲಿ. ಬೊಳ್ಳು ಇರುವುದು ನಿಮ್ಮ ಮನೆಯ ದೊಡ್ಡ ಆಸ್ತಿ. ಮನುಷ್ಯರನ್ನು ನಂಬಬಹುದೇ ಎಂಬುದನ್ನು ಅಂಜುವ ನಾಯಿ ಇನ್ನೊಂದು ನಾಯಿಯನ್ನು ನೋಡಿಯೇ ತೀರ್ಮಾನಿಸುತ್ತದೆ. ಎರಡರ ಭೇಟಿ ಮಾತ್ರ ಮನೆಯೊಳಗೆ ಆಗದೆ, ಗೇಟಿನ ಹೊರಗೆ ದಾರಿಯಲ್ಲಿ, ಒಂದರ ಹಿಂದೆ ಒಂದು ಸ್ವಲ್ಪ ನಡೆದ ಮೇಲೆ ಆಗಲಿ.

ಮೊದಲ ದಿನದ ಬಗ್ಗೆ ಉದ್ದವಾಗಿಯೇ ಬರೆಯುತ್ತೇನೆ, ಏಕೆಂದರೆ ಅಂಜುವ ನಾಯಿಗಳು ಕಳೆದುಹೋಗುವುದು ಹೆಚ್ಚಾಗಿ ಮೊದಲ ಕೆಲವು ದಿನಗಳಲ್ಲಿ, ಅದೂ ಕಾರಿನ ಬಾಗಿಲಿಗೂ ಮನೆಯ ಬಾಗಿಲಿಗೂ ನಡುವೆ. ಕೊರಳ ಬೆಲ್ಟು ಒಂದೇ ಸಾಲದು. ಹಿಂದಕ್ಕೆ ಜಗ್ಗಿದರೆ ತಲೆಯಿಂದ ಕಳಚಿಕೊಳ್ಳುತ್ತದೆ. ಎದೆ ಬೆನ್ನು ಸುತ್ತಿ ತೊಡಿಸುವ ಹಾರ್ನೆಸ್ಸಿಗೆ ಒಂದು ಹಗ್ಗ, ಬೆಲ್ಟಿಗೆ ಇನ್ನೊಂದು ಹಗ್ಗ, ಎರಡನ್ನೂ ಕೈಗೆ ಸುತ್ತಿಕೊಂಡಿರಬೇಕು. ಕಾರನ್ನು ಕಂಪೌಂಡಿನೊಳಗೆ ತಂದು, ಗೇಟು ಮುಚ್ಚಿ, ಅಗಳಿ ಹಾಕಿ, ಆಮೇಲೆ ಕಾರಿನ ಬಾಗಿಲು ತೆರೆಯಬೇಕು. ನೆರೆಯವರು ನೋಡಲು ಬರುತ್ತೇವೆಂದರೆ ನವರಾತ್ರಿಗೆ ಬನ್ನಿ ಎನ್ನಿ.

ಕಟ್ಟಿಗೆ ಕೋಣೆಯ ಒಂದು ಮೂಲೆಯಲ್ಲಿ ಹಳೆಯ ಮೇಜಿನ ಮೇಲೆ ಬೆಡ್‌ಶೀಟು ಇಳಿಬಿಟ್ಟು ಅಡಗಲು ಒಂದು ಜಾಗ ಮಾಡಿ. ಆ ಜಾಗಕ್ಕೆ ಯಾರೂ ಕೈ ಹಾಕಬಾರದು, ಗುಡಿಸುವುದಕ್ಕೂ ಕೂಡದು. ಅವಳು ಮಲಗಿದ್ದ ಹಳೆಯ ಗೋಣಿಯನ್ನೇ ಶೆಲ್ಟರ್‌ನಿಂದ ತರಿಸಿ, ತೊಳೆಯದೆ ಹಾಸಿ. ಮೊದಲ ರಾತ್ರಿ ಏನೂ ತಿನ್ನದಿರಬಹುದು, ಬಹಳ ಹೊತ್ತು ಮೂತ್ರವನ್ನೂ ತಡೆದುಕೊಳ್ಳಬಹುದು. ನೀರು ಇಟ್ಟು ಹೊರಗೆ ಬನ್ನಿ. ಕುಚ್ಚಲಕ್ಕಿಯ ಗಂಜಿಗೆ ಬೇಯಿಸಿದ ಬಂಗುಡೆ, ನಡುಮುಳ್ಳು ಬಿಡಿಸಿ, ಉಪ್ಪು ಖಾರ ಹಾಕದೆ ಕಲಸಿ ಇಟ್ಟರೆ ವಾಸನೆಗೆ ಬಗ್ಗದ ಕರಾವಳಿಯ ನಾಯಿಯನ್ನು ನಾನಿನ್ನೂ ಕಂಡಿಲ್ಲ. ನಿಮ್ಮ ಮನೆಯಲ್ಲಿ ಮೀನು ಮಾಡದಿದ್ದರೆ ಬೇಯಿಸಿದ ಮೊಟ್ಟೆಯಾಗಬಹುದು. ಅದೂ ಆಗದಿದ್ದರೆ ಅಂಗಡಿಯ ನಾಯಿತಿಂಡಿ ಇದೆ. ಸಾರು ಸಾಂಬಾರು ಸುರಿಯಬೇಡಿ, ಈರುಳ್ಳಿ ಬೆಳ್ಳುಳ್ಳಿ ನಾಯಿಗೆ ವಿಷ.

ಆಮೇಲಿನ ಕೆಲಸವೆಲ್ಲ ಕುಳಿತುಕೊಳ್ಳುವುದು. ದಿನವೂ ಒಂದೇ ಹೊತ್ತಿಗೆ ಹೋಗಿ, ಅವಳಿಗೆ ಓರೆಯಾಗಿ ನೆಲದ ಮೇಲೆ ಕುಳಿತು, ಪೇಪರೋ ಸಹಸ್ರನಾಮವೋ ಮೆಲುದನಿಯಲ್ಲಿ ಓದಿಕೊಳ್ಳಿ. ನಡುನಡುವೆ ಒಂದು ತುಂಡು ತಿಂಡಿಯನ್ನು ಅವಳ ಕಡೆಗೆ ಉರುಳಿಸಿ, ನೋಡಬೇಡಿ. ಕೈಯಿಂದ ತಿನ್ನಿಸುವ ಆತುರ ಬೇಡ. ತಿಂಡಿಯ ಆಸೆಗೆ ಹತ್ತಿರ ಬಂದ ನಾಯಿ ತಿಂಡಿ ಮುಗಿದೊಡನೆ ತಾನು ಎಲ್ಲಿದ್ದೇನೆಂದು ಅರಿತು ಬೆಚ್ಚುತ್ತದೆ. ಅವಳಾಗಿಯೇ ಬಂದು ಮೂಸಿದರೂ ಮೊದಲ ಕೆಲವು ಸಲ ಮುಟ್ಟದಿರುವುದೇ ಒಳ್ಳೆಯದು. ಮೂರು ದಿನ, ಮೂರು ವಾರ, ಮೂರು ತಿಂಗಳು ಎಂಬ ಲೆಕ್ಕವನ್ನು ಜನ ಹೇಳುತ್ತಾರೆ, ಬೆಚ್ಚುವುದು ಇಳಿಯಲು, ದಿನಚರಿ ತಿಳಿಯಲು, ಮನೆ ತನ್ನದೆನ್ನಿಸಲು. ಸಾಮಾನ್ಯ ನಾಯಿಗೆ ಅದು ಸರಿ. ಕೆಂಚಿಯಂಥವಳಿಗೆ ಆ ಗಡುವು ಹಾಕಬೇಡಿ.

ಕೊಡಿಯಾಲ್_ಬಿಚ್ಚುಮಾತು

ಎಲ್ಲವನ್ನೂ ಓದಿ ಒಂದು ಮಾತು ಹೇಳದೆ ಇರಲಾಗುತ್ತಿಲ್ಲ. ತುರ್ತು ಎಂದು ಮೊದಲ ಸಾಲಿನಲ್ಲೇ ಬರೆದವರು ನೀವು. ಆಮೇಲೆ ತೋಟದವರು ಬೇಡ, ವಿದ್ಯಾರ್ಥಿಗಳು ಬೇಡ, ಮಕ್ಕಳಿರುವ ಮನೆ ಬೇಡ ಎಂದು ಮದುವೆಗೆ ಜಾತಕ ನೋಡಿದ ಹಾಗೆ ಒಬ್ಬೊಬ್ಬರನ್ನೇ ತಳ್ಳಿಹಾಕುತ್ತಿರುವವರೂ ನೀವೇ. ನೀರು ನುಗ್ಗುವ ಗೂಡಿಗಿಂತ ಕಾರ್ಕಳದ ಸಿಮೆಂಟು ಗೂಡು ಕೆಟ್ಟದ್ದೇ? ಇಷ್ಟು ಷರತ್ತು ಹಾಕಿದರೆ ಇನ್ನು ಮುಂದೆ ಯಾರೂ ಕೈ ಎತ್ತುವುದಿಲ್ಲ.

ಕಾವೂರು_ಗುಡ್ಡೆ

ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದೀರಿ. ಕೆಂಚಿ ಧೈರ್ಯದ ನಾಯಿಯಾಗಿದ್ದರೆ ಮೊದಲು ಕೇಳಿದವರ ಜೀಪಿಗೆ ನಾನೇ ಹತ್ತಿಸುತ್ತಿದ್ದೆ. ಅಂಥ ನಾಯಿ ತಪ್ಪು ಮನೆಗೆ ಹೋದರೂ ಮರಳಿ ಬರುತ್ತದೆ, ಇನ್ನೊಂದು ಮನೆಗೆ ಹೋಗುತ್ತದೆ. ಅಂಜುವ ನಾಯಿಗೆ ಒಂದೊಂದು ಸ್ಥಳಾಂತರವೂ ಅದು ಕಲಿತಿದ್ದ ಅಲ್ಪಸ್ವಲ್ಪವನ್ನು ಅಳಿಸಿಹಾಕುತ್ತದೆ. ತುರ್ತಿನ ಹೆಸರಿನಲ್ಲಿ ಒಯ್ದು, ಆಗುವುದಿಲ್ಲ ಎಂದು ಹದಿನೈದು ದಿನಕ್ಕೆ ಮರಳಿಸಿದ ನಾಯಿಗಳನ್ನು ಶೆಲ್ಟರ್‌ನಲ್ಲಿ ನೋಡಿದ್ದೇನೆ. ಅವು ಹೋದಾಗ ಇದ್ದದ್ದಕ್ಕಿಂತ ಹೆಚ್ಚು ಮುದುಡಿ ಬರುತ್ತವೆ. ಆತುರ ನಮ್ಮದು, ಅದರ ಬೆಲೆ ತೆರುವುದು ನಾಯಿ. ಅದಕ್ಕೇ ನಾನು ಎರಡನ್ನು ಬೇರೆ ಬೇರೆ ಇಡುತ್ತಿದ್ದೇನೆ. ಮಳೆಯಿಂದ ತಪ್ಪಿಸುವುದು ತುರ್ತು, ಫೋಸ್ಟರ್ ಮನೆ ಅದಕ್ಕೆ ಸಾಕು. ದತ್ತು ತುರ್ತಲ್ಲ. ಯಾರಿಗೂ ಜೀವಮಾನದ ಮಾತನ್ನು ಈಗಲೇ ಕೊಡಿ ಎಂದು ನಾನು ಕೇಳುತ್ತಿಲ್ಲ.

ಅಂಬಲಪಾಡಿಯ ಅಮ್ಮನವರ ಅಳುಕಿಗೂ ಇದೇ ಉತ್ತರ. ಒಪ್ಪಂದವನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳೋಣ: ನಾಯಿಯ ಹೊಣೆ ಶೆಲ್ಟರ್‌ನದ್ದೇ ಆಗಿರುತ್ತದೆ, ಔಷಧ ಮತ್ತು ವೈದ್ಯರ ಖರ್ಚು ನಮ್ಮದು, ಊಟ ನಿಮ್ಮದು, ನಿಮಗೆ ಕಷ್ಟವಾದರೆ ಕಾರಣ ಕೇಳದೆ ನಾವು ಬಂದು ಕರೆದೊಯ್ಯುತ್ತೇವೆ. ದೀಪಾವಳಿ ಕಳೆದ ಮೇಲೆ ದತ್ತಿನ ಮಾತು. ಆಗ ನೀವೇ ಇಟ್ಟುಕೊಳ್ಳುತ್ತೇವೆಂದರೆ, ನಿಮ್ಮ ನಂತರ ಯಾರು ಎಂಬ ಹೆಸರನ್ನೂ ಬರೆಸಿಕೊಳ್ಳುತ್ತೇನೆ. ಪ್ರಾಯದವರಾದರೂ ಅದನ್ನೇ ಕೇಳುತ್ತಿದ್ದೆ.

ಅಂಬಲಪಾಡಿ_ಹಳೆಮನೆ

ಹಾಗಿದ್ದರೆ ಕರೆತನ್ನಿ. ಮೇಜು, ಬೆಡ್‌ಶೀಟು ಸಿದ್ಧವಾಗಿದೆ. ಗೇಟಿನ ಕೆಳಗೆ ನಾಯಿ ನುಸುಳುವಷ್ಟು ಜಾಗವಿತ್ತು, ಯಜಮಾನರು ನಿನ್ನೆಯೇ ಹಲಗೆ ಹೊಡೆಸಿದ್ದಾರೆ.

ಮಣಿಪಾಲ_ಬಾಡಿಗೆಮನೆ

ಸ್ನೇಹಿತನ ಕಾರು ಇದೆ. ಹಾಡು ಹಾಕುವುದಿಲ್ಲ, ಹಾರ್ನ್ ಹೊಡೆಯುವುದಿಲ್ಲ. ಸುರತ್ಕಲ್ ದಾಟುವವರೆಗೆ ಟ್ರಾಫಿಕ್ ಇಲ್ಲದಿರಲೆಂದು ಬೆಳಗ್ಗೆ ಐದಕ್ಕೇ ಹೊರಡೋಣ.

ಅಂಬಲಪಾಡಿ_ಹಳೆಮನೆ (ಜುಲೈ ಕೊನೆಯಲ್ಲಿ)

ಕೆಲವರು ಕೇಳುತ್ತಿದ್ದುದರಿಂದ ಬರೆಯುತ್ತಿದ್ದೇನೆ. ಮೊದಲ ವಾರ ಕೆಂಚಿಯನ್ನು ನಾವು ಕಂಡೇ ಇಲ್ಲ ಎನ್ನಬಹುದು. ಖಾಲಿ ತಟ್ಟೆ, ಅಂಗಳದ ಕೆಸರಿನಲ್ಲಿ ಹೆಜ್ಜೆ, ಇಷ್ಟೇ. ರಾತ್ರಿ ಹಿಂಬಾಗಿಲು ತೆರೆದಿಟ್ಟರೆ ಬೊಳ್ಳುವಿನ ಹಿಂದೆ ಅಂಗಳಕ್ಕಿಳಿದು ಕೆಲಸ ಮುಗಿಸಿ ಬರುತ್ತಾಳೆ. ಯಜಮಾನರು ದಿನವೂ ಕೋಣೆಯ ಹೊಸ್ತಿಲಲ್ಲಿ ಕುಳಿತು ಪೇಪರು ಓದುತ್ತಾರೆ, ಅವರ ಗಂಟಲಿಗೆ ಅವಳಿಗಿಂತ ನೆರೆಮನೆಯವರಿಗೇ ಹೆಚ್ಚು ತೊಂದರೆ. ಈಗ ಮೇಜಿನಡಿಯಿಂದ ಹೊರಗೆ ಬಂದು, ಅವರ ಚಪ್ಪಲಿಯ ಮೇಲೆ ಗಲ್ಲವಿಟ್ಟು ಮಲಗುತ್ತಾಳೆ. ಚಪ್ಪಲಿಯಲ್ಲಿ ಕಾಲಿದ್ದರೆ ಮಲಗುವುದಿಲ್ಲ. ಅದಕ್ಕೆ ಅವರು ಚಪ್ಪಲಿ ಬಿಟ್ಟು ಕುಳಿತುಕೊಳ್ಳುತ್ತಾರೆ. ನಾನು ಎದ್ದು ನಿಂತರೆ ಈಗಲೂ ಓಡುತ್ತಾಳೆ. ಮೊನ್ನೆ ಗ್ಯಾಸಿನವನು ಸಿಲಿಂಡರು ಉರುಳಿಸಿದ ಸದ್ದಿಗೆ ಒಂದು ಹಗಲು ಪೂರ್ತಿ ಹೊರಗೆ ಬರಲಿಲ್ಲ. ತೂಕ ಏರಿದೆ, ಮೈಯ ಎಲುಬು ಕಾಣುವುದಿಲ್ಲ.

ಡಾಕ್ಟರರಿಗೆ ಒಂದು ಪ್ರಶ್ನೆ. ಅಷ್ಟಮಿ ಬರುತ್ತಿದೆ. ಮರುದಿನ ವಿಟ್ಲಪಿಂಡಿಗೆ (ಮೊಸರುಕುಡಿಕೆಗೆ) ಹುಲಿವೇಷದ ತಂಡಗಳು ನಮ್ಮ ಓಣಿಗೂ ತಾಸೆ ಬಡಿದುಕೊಂಡು ಬರುತ್ತವೆ, ಗರ್ನಾಲು ಪಟಾಕಿ ಹೊಡೆಯುವವರೂ ಇದ್ದಾರೆ. ನಿದ್ದೆಯ ಮಾತ್ರೆ ಕೊಡಬಹುದೇ?

ಪಶುವೈದ್ಯ_ಉಡುಪಿ

ಮೆಡಿಕಲ್ ಶಾಪಿನಲ್ಲಿ ಕೇಳಿ ಏನನ್ನೂ ಕೊಡಬೇಡಿ. ಹಿಂದೆ ಇಂಥ ಸಂದರ್ಭಕ್ಕೆ ಕೊಡುತ್ತಿದ್ದ ಏಸ್‌ಪ್ರೊಮಜಿನ್ ಎಂಬ ಮದ್ದು ಮೈಯನ್ನು ಮಾತ್ರ ಸುಸ್ತು ಮಾಡುತ್ತದೆ, ಭಯವನ್ನು ಇಳಿಸುವುದಿಲ್ಲ. ನಾಯಿ ಎಲ್ಲವನ್ನೂ ಕೇಳುತ್ತಾ ಅಲುಗಾಡಲಾರದೆ ಬಿದ್ದಿರುತ್ತದೆ. ಭಯವನ್ನೇ ತಗ್ಗಿಸುವ ಬೇರೆ ಮಾತ್ರೆಗಳಿವೆ. ಅವನ್ನು ಹಬ್ಬಕ್ಕೆ ಕೆಲವು ದಿನ ಮೊದಲು, ಸದ್ದಿಲ್ಲದ ದಿನವೊಂದರಲ್ಲಿ ಒಮ್ಮೆ ಕೊಟ್ಟು ಅವಳ ಮೈಗೆ ಹೇಗೆ ಹಿಡಿಯುತ್ತದೆ ಎಂದು ನೋಡಬೇಕು. ಹಬ್ಬದ ದಿನ ಸದ್ದು ಶುರುವಾದ ಮೇಲೆ ಕೊಟ್ಟರೆ ಉಪಯೋಗವಿಲ್ಲ, ಒಂದೆರಡು ಗಂಟೆ ಮೊದಲೇ ಆಗಬೇಕು.

ಅಂದು ಬೆಳಗ್ಗೆ ಬೇಗನೆ ಅಂಗಳಕ್ಕೆ ಬಿಟ್ಟು, ಆಮೇಲೆ ಹಿಂದಿನ ಬಾಗಿಲಿಗೂ ಗೇಟಿಗೂ ಬೀಗ ಹಾಕಿ. ಕೋಣೆಯ ಕಿಟಕಿ ಮುಚ್ಚಿ, ಫ್ಯಾನು ಜೋರಾಗಿಡಿ, ರೇಡಿಯೊ ಇರಲಿ. ಬೊಳ್ಳುವನ್ನೂ ಒಳಗೇ ಬಿಡಿ. ಅವಳು ನಡುಗುತ್ತಾ ನಿಮ್ಮ ಹತ್ತಿರ ಬಂದರೆ ದೂರ ತಳ್ಳಬೇಡಿ. ಸಮಾಧಾನ ಮಾಡಿದರೆ ಹೆದರಿಕೆ ಜಾಸ್ತಿಯಾಗುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ಹೇಗಾದರೂ ತಪ್ಪಿಸಿಕೊಂಡರೆ ಹೆಸರು ಕೂಗುತ್ತಾ ಯಾರೂ ಬೆನ್ನಟ್ಟಬಾರದು. ಗೇಟು ತೆರೆದು, ಅವಳ ಗೋಣಿಯನ್ನೂ ಬಂಗುಡೆ ಗಂಜಿಯನ್ನೂ ಹೊರಗಿಟ್ಟು, ಬೊಳ್ಳುವನ್ನು ಹಗ್ಗದಲ್ಲಿ ಹಿಡಿದು ರಾತ್ರಿ ಓಣಿ ನಿಶ್ಶಬ್ದವಾದ ಮೇಲೆ ಒಂದು ಸುತ್ತು ಬನ್ನಿ.

ತೂಕ ನೋಡದೆ ಮಾತ್ರೆಯ ಪ್ರಮಾಣ ಬರೆಯಲಾಗದು. ಅದಕ್ಕಾಗಿ ಅವಳನ್ನು ಕ್ಲಿನಿಕ್ಕಿಗೆ ತರುವುದು ಬೇಡ. ಶುಕ್ರವಾರ ಮಧ್ಯಾಹ್ನ ನಾನೇ ನೆಲಕ್ಕಿಡುವ ತೂಕದ ಯಂತ್ರವನ್ನು ತಂದು ನಿಮ್ಮ ಹಿತ್ತಿಲ ಬಾಗಿಲಲ್ಲಿ ಇಟ್ಟು ಹೋಗುತ್ತೇನೆ. ಅದರ ಮೇಲೊಂದು ಗೋಣಿ ಹಾಸಿ, ಊಟದ ತಟ್ಟೆಯನ್ನು ಅಲ್ಲಿಯೇ ಇಡಿ. ಅವಳು ಅದರ ಮೇಲೆ ನಿಂತು ಉಂಡಾಗ ತೂಕ ನೋಡಿ ನನಗೆ ಫೋನ್ ಮಾಡಿದರಾಯಿತು.